ಹೇಳಿದವರ ಹೆಸರು ಬರೆಸಿದ ಮುಸರತ್

ಮುಸರತ್ ಓದಿದ್ದು ಪಿಯುಸಿವರೆಗೆ. ದಾವಣಗೆರೆಯ ಕಾಲೇಜೊಂದರ ಎದುರಿಗಿರುವ ತಮ್ಮ ಡಿಟಿಪಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಎಂ.ಎ. ಪ್ರಬಂಧಗಳನ್ನು ಟೈಪ್ ಮಾಡುತ್ತ ಬಂದಿದ್ದಾರೆ. ದಿನಾ ಬೆಳಿಗ್ಗೆ ಹರಿಹರದಿಂದ ಬಸ್ಸಿನಲ್ಲಿ ಬಂದು ಶಟರ್ ಎತ್ತುತ್ತಾರೆ. ಅಡಿಟಿಪ್ಪಣಿ, ಆಕರಗ್ರಂಥಗಳ ಪಟ್ಟಿ ಎಲ್ಲ ಟೈಪ್ ಮಾಡುತ್ತಲೇ ಕಲಿತಿದ್ದು. ಪುಸ್ತಕದ ಹೆಸರಿದ್ದು ಪುಟಸಂಖ್ಯೆ ಇಲ್ಲದಿದ್ದರೆ ಅವರ ಕೈ ಮುಂದೆ ಹೋಗುವುದಿಲ್ಲ. ಹುಡುಗರು ಬೆನ್ನ ಹಿಂದೆ ಅವರನ್ನು ಕರೆಯುವುದು ‘ಪುಟ ಎಷ್ಟು ಆಂಟಿ’ ಎಂದು. ಅದು ಅವರಿಗೂ ಗೊತ್ತು, ಬೇಸರವಿಲ್ಲ.

ಕಳೆದ ವರ್ಷ ಮಾಯಕೊಂಡದ ರೇಖಾ ಎಂಬ ಹುಡುಗಿ ತನ್ನ ಪ್ರಬಂಧ ತಂದಳು. ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವ ಹೆಂಗಸರ ಬಗ್ಗೆ ಬರೆದಿದ್ದಳು. ಮೂರನೇ ಅಧ್ಯಾಯಕ್ಕೆ ಬಂದಾಗ ಮುಸರತ್ ಟೈಪ್ ಮಾಡುವುದನ್ನು ನಿಲ್ಲಿಸಿದರು.

“‘ಹಿರಿಯ ಕಾರ್ಮಿಕರ ಪ್ರಕಾರ’ ಅಂತ ಬರ್ದೀಯಲ್ಲ, ಯಾರವ್ರು?”

“ನಮ್ಮಜ್ಜಿ ಕೊಟ್ರವ್ವ ಆಂಟಿ. ಮೂವತ್ತು ವರ್ಷ ಭಟ್ಟೀಲಿ ದುಡ್ದಾಳೆ.”

“ಮತ್ತೆ ಹೆಸ್ರು ಯಾಕ ಹಾಕಿಲ್ಲ?”

“ಅಜ್ಜಿ ಹೆಸ್ರು ಹಾಕಿದ್ರೆ ನಗ್ತಾರ್ರಿ. ಅವಳೇನು ಪುಸ್ತಕ ಬರ್ದಾಳಾ?”

“ಪುಸ್ತಕ ಬರ್ದೋರೂ ಯಾರನ್ನೋ ಕೇಳೇ ಬರ್ದಿರ್ತಾರೆ. ಹೆಸ್ರು, ವಯಸ್ಸು, ಊರು, ಮಾತಾಡಿದ ತಾರೀಖು, ಇಷ್ಟಿದ್ರೆ ನಿಮ್ಮಜ್ಜೀನೂ ಆಕರಾನೇ. ತಾರೀಖು ಹೇಳು.”

ತಾರೀಖೇ ಇರಲಿಲ್ಲ. ಚಿಕ್ಕಂದಿನಿಂದ ಕಿವಿಗೆ ಬಿದ್ದದ್ದನ್ನು ರೇಖಾ ಬರೆದಿದ್ದಳು, ಕೂತು ಕೇಳಿರಲಿಲ್ಲ. ಮುಸರತ್ ಆ ಹಾಳೆಗಳನ್ನು ವಾಪಸ್ ಕೊಟ್ಟರು. “ಸಲ್ಲಿಸಾಕೆ ಇನ್ನೂ ಹನ್ನೆರಡು ದಿನ ಐತೆ. ಕೇಳ್ಕಂಡು ಬಾ.”

ಮುಖ ಊದಿಸಿಕೊಂಡು ಹೋದ ಹುಡುಗಿ ಮೂರನೇ ದಿನ ನಗುತ್ತ ಬಂದಳು. ಭಟ್ಟಿಯ ಮರಳು ಕಾದಿದೆಯೇ ಎಂದು ನೋಡಲು ನಾಲ್ಕು ಅಕ್ಕಿಕಾಳು ಹಾಕಿ ಹತ್ತು ಎಣಿಸಬೇಕು ಎಂದು ಅವಳು ಬರೆದಿದ್ದಳು. ಅಜ್ಜಿ ಅದನ್ನು ಕೇಳಿ, “ಹತ್ತು ಎಣಿಸ್ತಾ ಕುಂತ್ರೆ ಕರಕಲು ತಿನ್ಬೇಕಾಗ್ತೈತೆ. ಕಾಳು ಬಿದ್ದ ಕೂಡ್ಲೇ ಅರಳ್ಬೇಕು” ಎಂದು ತಿದ್ದಿದ್ದಳಂತೆ. ಇನ್ನೂ ಒಂದು ಮಾತು ಹೇಳಿದ್ದಳು: “ಈ ಮರಳಿನ ಹದ, ಅಕ್ಕಿಗೆ ಹಾಕೋ ಉಪ್ಪುನೀರಿನ ಹದ ಎರಡೂ ನಂದಲ್ಲ. ಭಟ್ಟೀಲಿ ನನ್ನ ಜತೆ ದುಡೀತಿದ್ದ ಹರಿಹರದ ಖುರ್ಷೀದಾ ಹೇಳ್ಕೊಟ್ಟಿದ್ದು. ನನ್ನ ಹೆಸ್ರು ಬರ್ದ್ರೆ ಅವಳಿಗೆ ಮೋಸ ಮಾಡ್ದಂಗೆ.”

ಮುಸರತ್‌ಗೆ ಖುಷಿಯೋ ಖುಷಿ. “ನಿಮ್ಮಜ್ಜಿಗೆ ತಿಳಿದಿರೋದು ಎಷ್ಟೋ ಎಂ.ಎ. ಹುಡುಗ್ರಿಗೆ ತಿಳಿದಿಲ್ಲ ನೋಡು” ಎಂದರು. ಆ ದಿನ ನಾಲ್ಕು ಗಂಟೆಗೇ ಅಂಗಡಿ ಮುಚ್ಚಿ ರೇಖಾಳನ್ನು ಕರೆದುಕೊಂಡು ಹರಿಹರದ ಬಸ್ಸು ಹತ್ತಿದರು.

ಮೂರು ಓಣಿ ವಿಚಾರಿಸಿದ ಮೇಲೆ ಖುರ್ಷೀದಾ ಸಿಕ್ಕರು. ಎಪ್ಪತ್ತನಾಲ್ಕು ವರ್ಷದ ಮುದುಕಿ, ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ಕೊಟ್ರವ್ವನ ಹೆಸರು ಕೇಳಿದ್ದೇ ರೇಖಾಳನ್ನು ಪಕ್ಕಕ್ಕೆಳೆದು ಕೂರಿಸಿಕೊಂಡರು. ಆದರೆ ಹಾಳೆ ಓದಿಸಿ ಕೇಳಿ ತಲೆ ಅಲ್ಲಾಡಿಸಿದರು.

“ಮರಳಿಂದು ನಂದೇ, ನಮ್ಮಮ್ಮ ಕಲ್ಸಿದ್ದು. ಉಪ್ಪುನೀರಿಂದು ಕೊಟ್ರವ್ವಂದು. ಅದನ್ನ ಯಾಕ ನನ್ನ ತಲೆಗೆ ಕಟ್ಯಾಳೆ?”

ಮುಸರತ್ ರೇಖಾಳ ಫೋನಿನಿಂದ ಮಾಯಕೊಂಡಕ್ಕೆ ಕರೆ ಮಾಡಿಸಿದರು. ಭಟ್ಟಿ ಬಿಟ್ಟ ಮೇಲೆ ಒಂಬತ್ತು ವರ್ಷ ಭೇಟಿ, ಮಾತು ಇಲ್ಲದಿದ್ದ ಗೆಳತಿಯರು ಮೊದಲು ಉಪ್ಪುನೀರಿಗಾಗಿ ಜಗಳವಾಡಿದರು, ಆಮೇಲೆ ಮೊಣಕಾಲು ನೋವು ವಿಚಾರಿಸಿಕೊಂಡರು, ಆಮೇಲೆ ಇಬ್ಬರೂ ಅತ್ತರು. ‘ಅದು ನಿಂದೇ’ ಎನ್ನುವುದನ್ನು ಮಾತ್ರ ಇಬ್ಬರೂ ಬಿಡಲಿಲ್ಲ.

ಪ್ರಬಂಧದ ಕೊನೆಯಲ್ಲಿ, ಪುಸ್ತಕಗಳ ಪಟ್ಟಿಯ ಕೆಳಗೆ, ‘ಮಾಹಿತಿ ನೀಡಿದವರು’ ಎಂದು ಇಬ್ಬರ ಹೆಸರೂ ಬಂತು. ಉಪ್ಪುನೀರಿನ ಅಡಿಟಿಪ್ಪಣಿಯಲ್ಲಿ ಮುಸರತ್ ಹೀಗೆ ಟೈಪ್ ಮಾಡಿದರು: ‘ಇದನ್ನು ಕಲಿಸಿದ್ದು ತಾನಲ್ಲ, ಇನ್ನೊಬ್ಬರು ಎಂದು ಇಬ್ಬರೂ ಹೇಳುತ್ತಾರೆ.’

ಮೌಖಿಕ ಪರೀಕ್ಷೆಗೆ ಬಂದ ಅಧ್ಯಾಪಕರು ಆ ಸಾಲಿನ ಮೇಲೆ ಬೆರಳಿಟ್ಟು ವಿವರ ಕೇಳಿದರು. ರೇಖಾ ಫೋನಿನ ಕಥೆ ಹೇಳಿದಳು. ಅವರು ಕನ್ನಡಕ ತೆಗೆದು ನಕ್ಕರು. ಇಡೀ ಪ್ರಬಂಧದಲ್ಲಿ ತಾವು ಪೂರ್ತಿ ನಂಬಿದ ಸಾಲು ಇದೇ ಎಂದರು.

ಮುಂದಿನ ಭಾನುವಾರ ರೇಖಾ ಅಜ್ಜಿಯನ್ನು ಹರಿಹರಕ್ಕೆ, ಖುರ್ಷೀದಾ ಮನೆಗೆ ಕರೆತಂದಳು. ಮುಸರತ್ ಕೂಡ ಬಂದಿದ್ದರು. ಪಟ್ಟಿಯಲ್ಲಿ ತನ್ನ ಹೆಸರು ಮೊದಲು ಬಂದದ್ದು ಕೊಟ್ರವ್ವನಿಗೆ ಸರಿಬರಲಿಲ್ಲ. ಕ ಆದ ಮೇಲೆ ಖ ಬರುತ್ತದೆ, ತಾವೇನೂ ಮಾಡುವಂತಿಲ್ಲ ಎಂದು ಮುಸರತ್ ಎರಡು ಸಲ ಬಿಡಿಸಿ ಹೇಳಬೇಕಾಯಿತು. ಅಷ್ಟರಲ್ಲಿ ಖುರ್ಷೀದಾ ಒಗ್ಗರಣೆ ಹಾಕಿದ ಮಂಡಕ್ಕಿ ತಂದು ನಡುವೆ ಇಟ್ಟರು.