ಸಣ್ಣವ್ವ ಬದಲಿಸಿದ ಪಿಕ್ಚರಿನ ಕೊನೆ

ಸಿನಿಮಾ ಅಧ್ಯಯನದಲ್ಲಿ ಎಂ.ಎ. ಮಾಡಲು ನನಗೆ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ಮುಂಬೈಯಲ್ಲಿ, ಇನ್ನೊಂದು ಚೆನ್ನೈಯಲ್ಲಿ. ಯಾದಗಿರಿ ಸ್ಟೇಷನ್ನಿನಿಂದ ಎರಡಕ್ಕೂ ರೈಲುಂಟು, ದಿಕ್ಕು ಮಾತ್ರ ಬೇರೆ. ಮುಂಬೈಯದು ದೊಡ್ಡ ಹೆಸರಿನ ಸಂಸ್ಥೆ, ಅಲ್ಲಿ ಸಿನಿಮಾವನ್ನು ದೃಶ್ಯ ದೃಶ್ಯವಾಗಿ ಬಿಡಿಸಿ ಓದಿಸುತ್ತಾರೆ. ಚೆನ್ನೈಯದರ ಹೆಸರನ್ನು ನಮ್ಮ ಕಡೆ ಯಾರೂ ಕೇಳಿರಲಿಲ್ಲ. ಅಲ್ಲಿ ಟಾಕೀಸು, ನೋಡುವ ಜನ, ನೋಡಿದ್ದನ್ನು ಅವರು ಏನು ಮಾಡಿಕೊಳ್ಳುತ್ತಾರೆ ಎಂಬುದೇ ಪಾಠವಂತೆ. ವಾರದೊಳಗೆ ಒಂದಕ್ಕೆ ಹೂಂ ಅನ್ನಬೇಕಿತ್ತು. ನಾನೋ, ಎರಡೂ ಬೇಡ, ಶಹಾಪುರದಲ್ಲಿ ಬಿ.ಇಡಿ. ಮಾಡಿ ಟೀಚರ್ ಆದರಾಯಿತು ಎಂದು ಮುಖ ಊದಿಸಿಕೊಂಡು ಕೂತಿದ್ದೆ. ಅದಕ್ಕೆಲ್ಲ ಕಾರಣ ನಮ್ಮ ಸಣ್ಣವ್ವ.

ಸಣ್ಣವ್ವ ಎಂದರೆ ಅವ್ವನ ತಂಗಿ, ಅಪ್ಪನ ತಮ್ಮನನ್ನೇ ಮದುವೆಯಾಗಿ ನಮ್ಮ ಮನೆಗೇ ಬಂದವಳು. ತಿಂಥಣಿ ಹತ್ತಿರದ ನಮ್ಮ ಊರಿನಿಂದ ಟಾಕೀಸಿಗೆ ಹೋಗುತ್ತಿದ್ದ ಹೆಣ್ಣುಮಗಳು ಆಗ ಅವಳೊಬ್ಬಳೇ. ಕಾಕಾನಿಗೆ ಪಿಕ್ಚರ್ ಹುಚ್ಚು. ರಜೆ ಸಿಕ್ಕಿತೆಂದರೆ ಹೆಂಡತಿಯನ್ನು ಕಟ್ಟಿಕೊಂಡು ಸುರಪುರಕ್ಕೆ ಮ್ಯಾಟಿನಿಗೆ ಹೊರಟೇಬಿಡುತ್ತಿದ್ದ. ಮರುದಿನ ಮಧ್ಯಾಹ್ನ ಓಣಿಯ ಹೆಂಗಸರು ನಮ್ಮ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತರೆ ಸಣ್ಣವ್ವ ಪಿಕ್ಚರ್ ಹೇಳುತ್ತಿದ್ದಳು. ಹಾಡು, ಬೈಗುಳ, ಅತ್ತೆಯ ಕೆಮ್ಮು, ಒಂದನ್ನೂ ಬಿಡುತ್ತಿರಲಿಲ್ಲ. ಮನೆಯಲ್ಲಿ ಟಿವಿ ಇತ್ತು, ಕರೆಂಟು ಇರುತ್ತಿರಲಿಲ್ಲ. ಹಾಗಾಗಿ ಚಿಕ್ಕಂದಿನಲ್ಲಿ ನಾನು ನೋಡಿದ ಪಿಕ್ಚರೆಲ್ಲ ಕಿವಿಯಿಂದ ನೋಡಿದ್ದೇ.

ಮುಂಬೈಯ ಸಂದರ್ಶನದಲ್ಲಿ, ಮನಸ್ಸಿನಲ್ಲಿ ಉಳಿದ ಸಿನಿಮಾ ಒಂದರ ಬಗ್ಗೆ ಹೇಳು ಎಂದರು. ನಾನು ಹುಮ್ಮಸ್ಸಿನಲ್ಲಿ ಒಂದು ಹಳೆಯ ಕನ್ನಡ ಸಿನಿಮಾದ ಕೊನೆಯನ್ನು ವರ್ಣಿಸಿದೆ. ಹುಡುಗಿ ಹಸೆಮಣೆಯಿಂದ ಎದ್ದು, ಪುಸ್ತಕದ ಚೀಲ ಹೆಗಲಿಗೇರಿಸಿ, ಓದಲಿಕ್ಕೆಂದು ಪಟ್ಟಣದ ಬಸ್ಸು ಹತ್ತುತ್ತಾಳೆ. ಅಲ್ಲಿದ್ದವರಲ್ಲಿ ಒಬ್ಬರು ನಮ್ಮ ರಾಜ್ಯದವರೇ, ಆ ಸಿನಿಮಾ ನೋಡಿದ್ದವರು. ಅವಳು ಹಸೆಮಣೆಯಿಂದ ಏಳುವುದೇ ಇಲ್ಲ, ತಾಳಿ ಕಟ್ಟುವಲ್ಲಿಗೇ ಸಿನಿಮಾ ಮುಗಿಯುತ್ತದೆ, ನೀನು ಇದನ್ನು ನೋಡಿದ್ದೀಯಾ ಎಂದು ಕೇಳಿದರು. "ನೋಡಿಲ್ಲ ಸರ್, ಕೇಳಿದ್ದೇನೆ" ಎಂದೆ. ಎಲ್ಲರೂ ನಕ್ಕರು. ಆಮೇಲೆ ಸೀಟೇನೋ ಕೊಟ್ಟರು, ಆದರೆ ಆ ನಗು ನನ್ನ ಜೊತೆಗೇ ರೈಲು ಹತ್ತಿ ಊರಿಗೆ ಬಂತು. ಸಿನಿಮಾದ ಕೊನೆಯನ್ನೇ ನೋಡದವಳು ಸಿನಿಮಾ ಏನು ಓದುತ್ತಾಳೆ, ಮಣ್ಣು!

ಮನೆಗೆ ಬಂದವಳೇ ಚೀಲವನ್ನೂ ಇಳಿಸದೆ ಅಡುಗೆಮನೆಗೆ ನುಗ್ಗಿದೆ. ಸಣ್ಣವ್ವ ರೊಟ್ಟಿ ಬಡಿಯುತ್ತಿದ್ದಳು.

"ಖರೇ ಹೇಳು ಸಣ್ಣವ್ವಾ, ಪಿಕ್ಚರಿನ ಕಡೀದು ನೀ ನೋಡ್ತಿದ್ದಿಲ್ಲೇನು?"

"ಎಲ್ಲಿ ನೋಡ್ಲಿ ನಮ್ಮವ್ವಾ? ಪಿಕ್ಚರ್ ಬಿಡೋದ್ರಾಗ ನಮ್ಮೂರ ಬಸ್ ಹೋಗಿಬಿಡತಿತ್ತು. ನಿಲ್ಲಸಾಕ ಡ್ರೈವರ್ ಏನು ನಮ್ಮ ಸೋದರಮಾವನೇನು? ಕಡೀ ಫೈಟಿಂಗ್ ಶುರು ಆತಂದ್ರ ನಿಮ್ಮ ಕಾಕಾ, ಏಳು ಏಳು ಅಂತ ಎಬ್ಬಸ್ತಿದ್ದ."

"ಮತ್ತ ನಮಗ ಹೇಳಿದ್ದು?"

"ಕಟ್ಟಿ ಹೇಳ್ತಿದ್ದೆ. ಅಷ್ಟು ಮಂದಿ ಬಾಯಿ ತಕ್ಕೊಂಡು ಕುಂತಾಗ, ಬಸ್ ಬಂತು, ಎದ್ದು ಬಂದೆ ಅನ್ಲೇನು?" ಎಂದು ನಕ್ಕಳು.

ನನಗೆ ಮೈಯೆಲ್ಲ ಉರಿಯಿತು. ದೊಡ್ಡವರ ಮುಂದೆ ನೀನು ನನ್ನ ಮಾನ ಕಳೆದೆ ಎಂದು ಬಾಯಿಗೆ ಬಂದಂತೆ ಕೂಗಾಡಿದೆ. ನಗುತ್ತಲೇ ಕೇಳಿಸಿಕೊಳ್ಳುತ್ತಿದ್ದವಳು, ಯಾವ ಪಿಕ್ಚರ್ ಎಂದು ನಾನು ಹೇಳಿದ ಕೂಡಲೇ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಹಂಚಿನ ಮೇಲಿದ್ದ ರೊಟ್ಟಿ ತೆಗೆದು, ಒಲೆಯ ಉರಿ ಸಣ್ಣ ಮಾಡಿದಳು.

"ಅದನ್ನ ಪೂರಾ ನೋಡೀನಿ. ಅವತ್ತ ಬಸ್ ಕೆಟ್ಟು ನಿಂತಿತ್ತು. ತಾಳಿ ಕಟ್ಟೋದು ಈ ಕಣ್ಣಿಲೆ ನೋಡೀನಿ."

"ನೋಡಿನೂ ಸುಳ್ಳ ಹೇಳಿದಿ?"

"ನೀ ಆಗ ಏಳನೇತ್ತಿ ಓದತಿದ್ದಿ. ನಮ್ಮೂರ ಸಾಲಿ ಅಲ್ಲಿಗೇ ಮುಗೀತಿತ್ತು. ಹೈಸ್ಕೂಲಿಗಿ ಸುರಪುರಕ್ಕ ಬಸ್ಸಿನ್ಯಾಗ ಕಳಸೋದು ಬ್ಯಾಡ, ಸಾಲಿ ಬಿಡಸಿ ಮನ್ಯಾಗ ಇಟ್ಕೊಳ್ಳೋಣು ಅಂತ ನಿಮ್ಮಪ್ಪ ಫೈಸಲಾ ಮಾಡಿದ್ರು. ನಿಮ್ಮವ್ವ ಅತ್ತು ಅತ್ತು ಸಾಕಾಗಿದ್ಲು. ನಾ ಏನ್ ಮಾಡ್ಲಿ? ಭಾವನ ಮುಂದ ನಿಂತು ಮಾತಾಡಾಕ ಬರತಿತ್ತೇನು ನಂಗ? ನಾ ಪಿಕ್ಚರ್ ಹೇಳೋ ಹೊತ್ತಿಗಿ ಅವರು ಒಳಗ ಅಡ್ಡಾಗಿದ್ರು, ನಿದ್ದಿ ಹತ್ತಿದ್ದಿಲ್ಲ. ಅವರಿಗಿ ಕೇಳಲೆಂತ್ಲೇ ದನಿ ಎತ್ತಿ ಹೇಳಿದೆ. ಅವರ ಕಿವಿ ಮ್ಯಾಲ ಬೀಳಂಗ ಆ ಹುಡುಗಿಗಿ ತಾಳಿ ಕಟ್ಟಸ್ಲೇನು?"

ನಾನು ಅಲ್ಲೇ ನೆಲಕ್ಕೆ ಕೂತೆ. ಅಪ್ಪ ನನ್ನನ್ನು ಹೈಸ್ಕೂಲಿಗೆ ಸೇರಿಸಿದ್ದು ನನ್ನ ಮಾರ್ಕ್ಸ್ ನೋಡಿ ಎಂದೇ ಅಷ್ಟು ವರ್ಷ ಬೀಗಿದ್ದೆ. ಅಳು ತಡೆಯಲಾಗಲಿಲ್ಲ. ನಾಚಿಕೆ ಬಿಟ್ಟು ಅತ್ತೆ. ಸಣ್ಣವ್ವ ಹಿಟ್ಟಿನ ಕೈಯಲ್ಲೇ ನನ್ನ ತಲೆ ಸವರಿ, "ಹುಚ್ಚಿ, ಮೊದಲು ಉಣ್ಣು ಏಳು" ಎಂದಳು.

ಮರುದಿನ ಬೆಳಿಗ್ಗೆ ಚೆನ್ನೈಗೆ ಫೋನ್ ಮಾಡಿ ಬರುತ್ತೇನೆ ಎಂದೆ. ಮುಂಬೈಯವರ ಮೇಲಿನ ಸಿಟ್ಟು ಆ ಹೊತ್ತಿಗೆ ಇಳಿದಿತ್ತು. ಅವರು ಹೇಳಿದ್ದು ಸರಿಯೇ, ಸಿನಿಮಾ ತಾಳಿಗೇ ಮುಗಿಯುತ್ತದೆ. ಆದರೆ ಅದು ನಮ್ಮ ಪಡಸಾಲೆಗೆ ಬಂದು ಬೇರೆಯಾಯಿತಲ್ಲ, ನನಗೆ ಓದಬೇಕೆನಿಸಿದ್ದು ಅದನ್ನು. ಹೆಸರಿನ ಸಂಸ್ಥೆ ಬಿಟ್ಟೆನೆಂದು ಕಾಲೇಜಿನ ಮೇಷ್ಟ್ರು ಬೇಜಾರು ಮಾಡಿಕೊಂಡರು.

ಯಾದಗಿರಿ ಸ್ಟೇಷನ್ನಿಗೆ ಅಪ್ಪ ಬಿಡಲು ಬಂದಿದ್ದ. ರೈಲು ತಡ. ಅಪ್ಪ ಮಾತು ಕಡಿಮೆಯ ಮನುಷ್ಯ. ಬೆಂಚಿನ ಮೇಲೆ ಕೂತು ನೀರಿನ ಬಾಟಲಿಯ ಮುಚ್ಚಳ ತಿರುವುತ್ತ ತಿರುವುತ್ತ, ಕೊನೆಗೆ ಬಾಯಿ ಬಿಟ್ಟ.

"ನೀ ಸಣ್ಣಾಕಿ ಇದ್ದಾಗ ನಿಮ್ಮ ಸಣ್ಣವ್ವ ಒಂದು ಪಿಕ್ಚರ್ ಹೇಳಿದ್ಲು ನೋಡು. ಹುಡುಗಿ ಲಗ್ನ ಬಿಟ್ಟು ಓದಾಕ ಹೋಗತಾಳಲ್ಲ, ಅದು. ಭಾಳ ದಿನದಿಂದ ಯಾರಿಗೆರ ಕೇಳಬೇಕಂತಿದ್ದೆ. ಮುಂದ ಆ ಹುಡುಗಿ ಏನಾದ್ಲು?"

"ಇನ್ನೂ ಓದಾಕತ್ಯಾಳಪ್ಪಾ" ಎಂದೆ.