ದೊಡ್ಡಮ್ಮನ ಚೌಡಿ

ಕಣದಲ್ಲಿ ಹರವಿದ ಕಾಫಿ ಹಣ್ಣು ಬಿಸಿಲಿಗೆ ಹುಳಿಯಾಗಿ ಬೀರುವ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನನಗೆ ಮೊದಲು ದೊಡ್ಡಮ್ಮ ನೆನಪಾಗುತ್ತಾಳೆ, ಅದರ ಹಿಂದೆಯೇ ಸಿಟ್ಟು ಬರುತ್ತದೆ. ಇಷ್ಟು ವರ್ಷವಾದರೂ ಆರದ ಸಿಟ್ಟು ಅದು. ಮೂಡಿಗೆರೆಯಿಂದ ದೇವರಮನೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ತೋಟ. ಕಣದ ಅಂಚಿನ ಹಲಸಿನ ಮರದ ಬುಡದಲ್ಲಿ ಮೊಣಕಾಲೆತ್ತರದ ಒಂದು ಕಲ್ಲು. ಅದೇ ನಮ್ಮ ಚೌಡಿ, ತೋಟ ಕಾಯುವವಳು. ಅವಳಿಗೆ ಗುಡಿಯಿರಲಿಲ್ಲ, ಪೂಜಾರಿಯೂ ಇರಲಿಲ್ಲ. ಅಪ್ಪನ ಅಣ್ಣ ತೀರಿಕೊಂಡ ಮೇಲೂ ನಮ್ಮ ಮನೆಯಲ್ಲೇ ಉಳಿದ ದೊಡ್ಡಮ್ಮ ಸಂಜೆ ಅವಳಿಗೆ ದೀಪ ಹಚ್ಚುತ್ತಿದ್ದಳು. ಹಚ್ಚಿ, ಎಲೆಯಡಿಕೆ ಚೀಲವನ್ನು ಕಲ್ಲಿನ ಪಕ್ಕದಲ್ಲಿಟ್ಟು, ಕಾಲು ಚಾಚಿ ಕೂತು ಮಾತಿಗಿಳಿಯುತ್ತಿದ್ದಳು. "ನೋಡೇ ಮಾರಾಯ್ತಿ, ಕೆಂಪಿ ನಿನ್ನೆಯಿಂದ ಹುಲ್ಲು ಮುಟ್ಟಿಲ್ಲ. ನೀನು ಸುಮ್ನೆ ಕೂತ್ರೆ ಹೆಂಗೆ?" ಎಂದು ಹಸುವಿನ ವಿಷಯಕ್ಕೆ ಗದರುತ್ತಿದ್ದಳು. ಕಳೆದುಹೋದ ಕತ್ತಿ, ಕಾವು ಬಿಟ್ಟೆದ್ದ ಕೋಳಿ, ನನ್ನ ಜ್ವರ, ಎಲ್ಲದರ ವರದಿಯೂ ಅಲ್ಲಿ ಒಪ್ಪಿಸಬೇಕು. ಕೊಯ್ಲು ಶುರುವಾದ ದಿನ ಹೆಣ್ಣಾಳುಗಳು ಮೊದಲ ಹಿಡಿ ಹಣ್ಣನ್ನು ಕಲ್ಲಿನ ಮುಂದಿಡುತ್ತಿದ್ದರು. ಅದನ್ನು ಮಾರುವಂತಿರಲಿಲ್ಲ, ದೊಡ್ಡಮ್ಮ ಒಣಗಿಸಿ, ಹುರಿದು, ಪುಡಿ ಮಾಡಿ ಆಳುಗಳಿಗೆಲ್ಲ ಕಾಫಿ ಕಾಯಿಸಿ ಕೊಡುತ್ತಿದ್ದಳು. ಚೌಡಿಗೂ ಒಂದು ಲೋಟ. ದೇವರೆಂದರೆ ಮನೆಯ ಇನ್ನೊಬ್ಬ ಹೆಂಗಸು ಎಂದೇ ನಾನು ತಿಳಿದಿದ್ದೆ.

ತೊಂಬತ್ತರ ದಶಕದಲ್ಲಿ ಕಾಫಿಗೆ ಒಳ್ಳೆಯ ರೇಟು ಬಂದಾಗ ಅಪ್ಪನಿಗೆ ಆಸೆ ಹೆಚ್ಚಿತು. ಬಿಸಿಲು ಬಿದ್ದರೆ ಫಸಲು ಜಾಸ್ತಿ ಎಂದು ನೆರಳಿನ ಮರಗಳನ್ನು ಕಡಿಸಿ ಲಾರಿಗೆ ಹಾಕಿಸಿದ. ಕೆಲವೇ ವರ್ಷಗಳಲ್ಲಿ ಬೋರರ್ ಹುಳ ಹೊಕ್ಕು ಅರೇಬಿಕಾ ಗಿಡಗಳು ಸಾಲುಸಾಲಾಗಿ ಹಳದಿಯಾದವು. ರೇಟೂ ಬಿತ್ತು. ನೆರಳು ತೆಗೆದರೆ ಬೋರರ್ ಬರುತ್ತದೆಂದು ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೂ ಗೊತ್ತಿತ್ತು, ಅಪ್ಪನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ತನ್ನದು ತಪ್ಪಾಯಿತು ಎನ್ನುವುದಕ್ಕಿಂತ ಜೋಯಿಸರನ್ನು ಕರೆಸಿ ಕವಡೆ ಹಾಕಿಸುವುದು ಸುಲಭ. ದೇವಿ ಮುನಿದಿದ್ದಾಳೆ, ಗಂಡ ಸತ್ತ ಹೆಂಗಸು ಹಚ್ಚುವ ದೀಪ ಅವಳಿಗೆ ಒಗ್ಗದು, ಶುದ್ಧ ಮಾಡಿ ಗುಡಿ ಕಟ್ಟಿಸಿ ಎಂದರು ಜೋಯಿಸರು. ಗಿಡ ಕೊರೆದ ಹುಳದ ಪಾಪವೆಲ್ಲ ದೊಡ್ಡಮ್ಮನ ತಲೆಗೆ ಬಂತು. ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅವಳ ಮುಖ ನೋಡದೆ ಹೇಳಿದ: "ಅತ್ತಿಗೆ, ಇನ್ಮೇಲೆ ನೀವು ಅಲ್ಲಿಗೆ ಹೋಗೋದು ಬೇಡ. ನಾನ್ ಹೇಳ್ತಿರೋದಲ್ಲ, ಜೋಯಿಸ್ರ ಪ್ರಶ್ನೇಲಿ ಬಂದಿದ್ದು." ದೊಡ್ಡಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

ಹಲಸಿನ ಮರ ಹೋಯಿತು. ಟೈಲ್ಸ್ ಹಾಕಿದ ಗುಡಿ, ಕಬ್ಬಿಣದ ಗೇಟು, ಬೆಳ್ಳಿಯ ಮುಖವಾಡ. ಚೌಡಿಗೆ ಉದ್ದದ ಹೊಸ ಹೆಸರು. ಕೋಳಿ ತಿನ್ನುತ್ತಿದ್ದವಳಿಗೆ ಕೋಸಂಬರಿ. ಪ್ರತಿಷ್ಠೆಯ ದಿನ ಭಟ್ಟರು ಮುತ್ತೈದೆಯರನ್ನು ಮುಂದೆ ಕರೆದಾಗ ಅಮ್ಮ, ಚಿಕ್ಕಮ್ಮಂದಿರು ರೇಷ್ಮೆ ಸೀರೆಯಲ್ಲಿ ಸರಬರನೆ ಹೋದರು. ಒಬ್ಬರೂ ಹಿಂದೆ ತಿರುಗಿ ನೋಡಲಿಲ್ಲ. ಅಂದಿನ ಊಟಕ್ಕೆ ಪಾಯಸ ಕಾಯಿಸಿದವಳು ದೊಡ್ಡಮ್ಮ. ಆ ಕೈ ಅಡುಗೆಗೆ ಒಗ್ಗುತ್ತಿತ್ತು, ದೀಪಕ್ಕೆ ಒಗ್ಗುತ್ತಿರಲಿಲ್ಲ! ನಾನು ಒಳಗೆ ಹೋಗಿ, ಚೌಡಿಗೆ ನಿನ್ನ ಮೇಲೆ ಸಿಟ್ಟಂತೆ, ಹೌದಾ ಎಂದು ಕೇಳಿದೆ. "ಅವಳು ಹಂಗಂದಿಲ್ಲ ಪುಟ್ಟಿ," ಎಂದಳು. "ಅಂದೋರು ಇವ್ರು." ಆಮೇಲೆ ಅವಳು ಕಣಕ್ಕೇ ಇಳಿಯಲಿಲ್ಲ. ಸಂಜೆ ಹೊತ್ತು ಹಿತ್ತಿಲ ಕಟ್ಟೆಯ ಮೇಲೆ, ಗುಡಿಗೆ ಬೆನ್ನು ಹಾಕಿ ಸುಮ್ಮನೆ ಕೂರುತ್ತಿದ್ದಳು. ಬೋರರ್ ಮಾತ್ರ ಹೋಗಲಿಲ್ಲ.

ಕೆಲವು ವರ್ಷ ಕಳೆದು ಒಂದು ಬೇಸಿಗೆಯಲ್ಲಿ ದೊಡ್ಡಮ್ಮ ತೀರಿಕೊಂಡಳು. ಹೆಣ ಇನ್ನೂ ಜಗಲಿಯಲ್ಲಿರುವಾಗಲೇ ಅಪ್ಪ ಹೋಗಿ ಗುಡಿಯ ಗೇಟಿಗೆ ಬೀಗ ಹಾಕಿದ. ಮನೆಯವಳು ಸತ್ತ ಸೂತಕ. ಅದು ಕಳೆಯುವ ತನಕ ಪೂಜೆಯಿಲ್ಲ, ದೀಪವಿಲ್ಲ, ಭಟ್ಟರೂ ಬರುವಂತಿಲ್ಲ. ನಾನು ಹಿಂದೆಯೇ ಹೋಗಿ ಕೇಳಿದೆ, "ದೊಡ್ಡಮ್ಮ ಇವಳ ಹತ್ರನೂ ಸುಳೀಬಾರ್ದು ಅಂದಿದ್ರಿ. ಈಗ್ಯಾಕಪ್ಪ ಬೀಗ?" ಅಪ್ಪ ಬೀಗ ಎಳೆದು ನೋಡಿ ಮನೆಗೆ ನಡೆದ. ಮನೆಯಲ್ಲಿ ನೆಂಟರಿಗೆ ಹಾಸಿಗೆ ಹಾಸುವ, ತಿಥಿಯ ಅಡುಗೆಗೆ ಸಾಮಾನು ತರಿಸುವ ಗಡಿಬಿಡಿ. ಮೂರನೇ ದಿನಕ್ಕೆ ಟೀವಿಯೂ ಶುರುವಾಯಿತು. ಅಷ್ಟೂ ದಿನ ಚೌಡಿ ಹೂವಿಲ್ಲದೆ, ನೀರಿಲ್ಲದೆ, ಕತ್ತಲಲ್ಲಿ ಕೂತಿದ್ದಳು. ನಮ್ಮ ಮನೆಯಲ್ಲಿ ದೊಡ್ಡಮ್ಮನ ಸೂತಕವನ್ನು ಸರಿಯಾಗಿ ಆಚರಿಸಿದವಳು ಅವಳೊಬ್ಬಳೇ.