ಎಡಗೈ ಪೆಟ್ಟಿನ ಹಿಂದಿನ ಸದ್ದು

ನನ್ನ ಗಂಡ ತೀರಿಕೊಂಡ ನಾಲ್ಕನೆಯ ತಿಂಗಳಲ್ಲಿ, ಅವರೇ ಮಾಡಿಟ್ಟ ಸಬ್‌ವೂಫರ್ ಪೆಟ್ಟಿಗೆ ನಡುಗತೊಡಗಿತು. ಅದಕ್ಕೆ ಮೊದಲೇ ನಡುಗುತ್ತಿತ್ತೋ ಹೇಳಲಾರೆ. ಅಲ್ಲಿಯವರೆಗೆ ನಾನು ಅದರ ಸ್ವಿಚ್ ಹಾಕಿರಲಿಲ್ಲ.

ಮಡಂತ್ಯಾರಿನಲ್ಲಿ ಅವರದು ರೇಡಿಯೊ ರಿಪೇರಿ ಅಂಗಡಿ. ರೇಡಿಯೊ ಕಾಲ ಮುಗಿದು, ಟಿ.ವಿ. ಕಾಲವೂ ಮುಗಿದ ಮೇಲೆ ಅಂಗಡಿ ಮುಚ್ಚಿ, ಬಂಟ್ವಾಳದ ನಮ್ಮ ಮನೆಯ ಚಾವಡಿಯಲ್ಲಿ ಕುಳಿತು ಈ ಪೆಟ್ಟಿಗೆ ಮಾಡಿದರು. ದಪ್ಪ ಪ್ಲೈವುಡ್, ಹಳೆಯ ಕಾರಿನಿಂದ ತೆಗೆದ ದೊಡ್ಡ ಸ್ಪೀಕರ್, ಗಾಳಿ ಹೊರಬರಲು ಮುಂದೊಂದು ಪಿವಿಸಿ ಪೈಪಿನ ತುಂಡು. ಅವರು ತಾಳಮದ್ದಳೆ ಕೂಟಗಳಲ್ಲಿ ಮದ್ದಳೆ ಬಾರಿಸುತ್ತಿದ್ದವರು. ಬೆಳ್ತಂಗಡಿಯ ಗೆಳೆಯರೊಬ್ಬರ ಮನೆಯಲ್ಲಿ ಒಂದು ಭಾನುವಾರ ಮಾಡಿದ ರೆಕಾರ್ಡಿಂಗ್ ಮಾತ್ರ ಅವರ ಬಾರಿಸುವಿಕೆಯಲ್ಲಿ ಉಳಿದಿರುವುದು. ಮೊಬೈಲಿನಲ್ಲಿ ಹಾಕಿದರೆ ಬಲಗೈ ಮಾತ್ರ ಕೇಳುತ್ತಿತ್ತು. ಎಡಬದಿಯ ತಗ್ಗಿದ ನಾದ ಆ ಸಣ್ಣ ಸ್ಪೀಕರಿಗೆ ದಕ್ಕುತ್ತಿರಲಿಲ್ಲ. ಅದಕ್ಕೇ ಈ ಪೆಟ್ಟಿಗೆ.

“ನನ್ನ ಎಡಗೈಯನ್ನು ಯಾರು ಕದ್ದದ್ದು ಸಿಸ್ಟರೇ?” ಎಂದು ನನ್ನನ್ನು ಕೇಳುತ್ತಿದ್ದರು. ನಾನು ಮೂಡುಬಿದಿರೆಯ ಒಂದು ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದೆ. ಮನೆಯಲ್ಲೂ ಅವರಿಗೆ ಸಿಸ್ಟರೇ. ಅದರಲ್ಲಿ ಅರ್ಧ ತಮಾಷೆ, ಅರ್ಧ ದೂರು.

ದೂರಿಗೆ ಕಾರಣವಿತ್ತು. ಐದಕ್ಕೆ ಏಳಬೇಕು, ಐದೂವರೆಗೆ ಹಾಸಿಗೆ ಸರಿಯಾಗಿರಬೇಕು, ತಲೆಗೊಂದು ದಿಂಬು. ಕೊನೆಯ ವರ್ಷ ಅವರು ದಿನಾ ಮಲಗುವಾಗ ಕಪಾಟಿನಿಂದ ಎರಡನೆಯ ದಿಂಬು ತೆಗೆದುಕೊಳ್ಳುತ್ತಿದ್ದರು. ನಾನು ದಿನಾ ಬೆಳಿಗ್ಗೆ ಅದನ್ನು ಒಳಗಿಡುತ್ತಿದ್ದೆ. ಆ ಬಗ್ಗೆ ನಮ್ಮ ನಡುವೆ ಒಂದು ಮಾತೂ ಆಗಲಿಲ್ಲ. ಹೃದಯ ದಣಿದಿತ್ತು ಎಂದರು ಡಾಕ್ಟರು, ಎಲ್ಲ ಮುಗಿದ ಮೇಲೆ.

ಆ ರೆಕಾರ್ಡಿಂಗನ್ನು ಅವರ ಪೆಟ್ಟಿಗೆಯಲ್ಲೇ, ಅವರು ಬಯಸಿದ ಹಾಗೆ ಒಮ್ಮೆ ಕೇಳಬೇಕೆಂದು ನನಗೆ ಆಸೆಯಾಯಿತು. ಹಾಕಿದೆ. ಎಡಗೈ ಬಂತು. ಆದರೆ ಪ್ರತಿ ಪೆಟ್ಟಿನ ಬಾಲಕ್ಕೆ ಒಂದು ಗಿರ್ರ್ ಎಂಬ ಸದ್ದು ಅಂಟಿಕೊಂಡಿತ್ತು. ಮುಚ್ಚಿದ ಬಾಯೊಳಗೆ ಯಾರೋ ಹಲ್ಲು ಕಡಿದ ಹಾಗೆ. ಅವರ ಅಣ್ಣ, ಅಂದರೆ ನನ್ನ ಭಾವ, ಆಗ ಚಾವಡಿಯಲ್ಲೇ ಇದ್ದರು.

“ಇದು ಅವನೇ,” ಎಂದರು. “ಅವನಿಗೆ ಏನೋ ಬೇಕಾಗಿ ಉಂಟು.”

“ಸ್ಕ್ರೂ ಸಡಿಲ ಆಗಿರಬಹುದು ಭಾವ.”

“ನಿನಗೆ ಎಲ್ಲದಕ್ಕೂ ಸ್ಕ್ರೂ. ಪ್ರಶ್ನೆ ಇಟ್ಟು ನೋಡುವ ಮಾರಾಯ್ತಿ, ಜೋಯಿಸರು ಹೇಳಲಿ.”

“ಮೊದಲು ನಾನು ನೋಡ್ತೇನೆ.”

“ನೋಡು. ಆಟಿಯಲ್ಲಿ ಬಡಿಸುವ ದಿನದವರೆಗೆ ಸಮಯ ಕೊಟ್ಟಿದ್ದೇನೆ. ಆಮೇಲೆ ಪೆಟ್ಟಿಗೆ ನೇತ್ರಾವತಿಗೆ.”

“ಅದು ತೇಲ್ತದೆ ಭಾವ, ಪ್ಲೈವುಡ್.”

“ಕಲ್ಲು ಕಟ್ಟುವ.”

ಮಳೆಗಾಲದ ನಡುವೆ ಬರುವ ಆಟಿ ತಿಂಗಳಲ್ಲಿ ನಮ್ಮ ಮನೆಯಲ್ಲಿ ಸತ್ತವರಿಗೆ ಬಡಿಸುತ್ತೇವೆ. ಒಳಕೋಣೆಯಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಮುಚ್ಚಿ ಹೊರಗೆ ನಿಲ್ಲುವುದು. ಅವರು ಉಣ್ಣಲಿ ಎಂದು. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತಟ್ಟಿ, ಆಮೇಲೆ ತೆರೆಯುವುದು. ಹದಿನಾರು ದಿನ ಬಾಕಿ ಇತ್ತು.

ವಾರ್ಡಿನ ಕ್ರಮದಲ್ಲೇ ಶುರುಮಾಡಿದೆ. ಒಂದು ನೋಟ್‌ಬುಕ್, ದಿನಕ್ಕೆ ಒಂದೇ ಬದಲಾವಣೆ, ಮಧ್ಯಾಹ್ನ ಮೂರಕ್ಕೆ ಪರೀಕ್ಷೆ. ಮೊದಲ ದಿನ ಸ್ಪೀಕರಿನ ಎಂಟು ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿ ಮಾಡಿದೆ. ಗುಣವಿಲ್ಲ. ಮರುದಿನ ಸ್ಪೀಕರ್ ಬಿಚ್ಚಿ, ಅಂಚಿಗೆ ಫೋಮ್ ಪಟ್ಟಿ ಅಂಟಿಸಿದೆ. ಒಳಗೆ ತೂಗಾಡುತ್ತಿದ್ದ ವಯರನ್ನು ಹಲಗೆಗೆ ಕಟ್ಟಿದೆ. ಪೈಪಿನ ಸುತ್ತ ಸೀಲ್ ಮಾಡಿದೆ. ಕಾಲಿನಡಿ ರಬ್ಬರ್ ಇಟ್ಟೆ. ಮೇಲೆ ಅರೆಯುವ ಕಲ್ಲು ಹೇರಿದೆ. ಆರನೆಯ ದಿನದ ಸಾಲಿನಲ್ಲೂ ಬರೆದದ್ದು ಅದೇ: ಗುಣವಿಲ್ಲ.

ಏಳನೆಯ ದಿನ ಮಡಂತ್ಯಾರಿಗೆ ಫೋನ್ ಮಾಡಿದೆ. ಅಲ್ಲಿ ಮದುವೆಗಳಿಗೆ ಸೌಂಡ್ಸ್ ಹಾಕುವವರೊಬ್ಬರಿದ್ದಾರೆ, ನನ್ನ ಗಂಡನ ಹಳೆಯ ಗೆಳೆಯ, ತಲೆ ಪೂರ್ತಿ ನರೆತವರು. ಬಂದು ಪೆಟ್ಟಿಗೆಯನ್ನು ಎಲ್ಲ ಕಡೆ ಗೆಣ್ಣಿನಿಂದ ಬಡಿದು ನೋಡಿದರು.

“ಮಾವಿನಹಣ್ಣು ನೋಡಿದ ಹಾಗೆ ನೋಡ್ತೀರಲ್ಲ,” ಎಂದೆ.

“ಹಣ್ಣಾದರೆ ಮೂಸಬಹುದಿತ್ತು ಅಕ್ಕ. ಇದನ್ನು ಅಂಗಡಿಗೆ ಕೊಂಡುಹೋಗ್ತೇನೆ.”

ಎರಡು ದಿನ ಬಿಟ್ಟು ವಾಪಸು ತಂದರು. “ನನ್ನಲ್ಲಿ ಒಂದು ಚೂರು ನಡುಕ ಇಲ್ಲ ಅಕ್ಕ. ಇಡೀ ದಿನ ಬಾರಿಸಿದ್ದೇನೆ. ಪಕ್ಕದ ಹೋಟೆಲಿನವರು ಜಗಳಕ್ಕೆ ಬಂದರು.” ನಮ್ಮ ಚಾವಡಿಯಲ್ಲಿ, ಅದೇ ಗೋಡೆಯ ಬಳಿ ಇಟ್ಟು ಹಾಕಿದೆವು. ಗಿರ್ರ್.

ಅವರು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಭಾವ ಪೆಟ್ಟಿಗೆಗೆ ಕೈಮುಗಿದರು. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಈ ಮನೆಯಲ್ಲಿ ಮಾತ್ರ ಅಳುವ ಪೆಟ್ಟಿಗೆ. ಆಮೇಲಿನ ಎರಡು ದಿನ ಮೂರು ಗಂಟೆಯ ಪರೀಕ್ಷೆಯನ್ನು ನಾನು ಮಾಡಲಿಲ್ಲ. ಪೆಟ್ಟಿಗೆ ಎದುರಿಗಿದ್ದೂ ನೋಟ್‌ಬುಕ್ಕಿನಲ್ಲಿ ನಾನು ಖಾಲಿ ಬಿಟ್ಟ ಸಾಲುಗಳೆಂದರೆ ಅವೆರಡೇ.

ಮೂರನೆಯ ದಿನ ಬುದ್ಧಿ ಬಂತು. ರೋಗಿಗೆ ಒಂದು ವಾರ್ಡಿನಲ್ಲಿ ಮಾತ್ರ ಜ್ವರ ಬರುತ್ತದೆಂದಾದರೆ ವಾರ್ಡನ್ನು ನೋಡಬೇಕು, ರೋಗಿಯನ್ನಲ್ಲ. ಮೊಬೈಲಿನಿಂದ ಪೆಟ್ಟಿಗೆಗೆ ಒಂದೇ ತಗ್ಗಿದ ಸ್ವರವನ್ನು ಎಳೆದಂತೆ ಹಾಕಿ, ಮೆಲ್ಲ ಏರಿಸುತ್ತ ಹೋದೆ. ಒಂದು ಜಾಗಕ್ಕೆ ಬಂದಾಗ ಗಿರಗಿರ ಎದ್ದಿತು. ಸ್ವರವನ್ನು ಅಲ್ಲೇ ಹಿಡಿದಿಟ್ಟು, ಮನೆಯಿಡೀ ನಡೆದೆ. ಕಿಟಕಿಯ ಗಾಜು ಒತ್ತಿದೆ. ಗೋಡೆಯ ಫೋಟೊ ತೆಗೆದೆ. ಅಡುಗೆಮನೆಯ ಮುಚ್ಚಳಗಳನ್ನು ಬಟ್ಟೆಯ ಮೇಲೆ ಇಳಿಸಿದೆ. ಗಿರಗಿರ ನಿಲ್ಲಲಿಲ್ಲ. ನೋಟ್‌ಬುಕ್ಕಿನಲ್ಲಿ ಎಲ್ಲಕ್ಕೂ ಗುರುತು ಹಾಕಿದೆ, ಒಳಕೋಣೆಯೊಂದನ್ನು ಬಿಟ್ಟು. ಪೆಟ್ಟಿಗೆ ಇದ್ದದ್ದು ಆ ಕೋಣೆಯ ಗೋಡೆಗೇ ಒರಗಿ. ಆದರೂ ಯಾರಿಗೂ ಹೊಳೆಯಲಿಲ್ಲ. ಬಡಿಸುವ ದಿನ, ಸಾವಿನ ಕ್ರಿಯೆಯ ದಿನ ಬಿಟ್ಟರೆ ಆ ಬಾಗಿಲನ್ನು ನಾವು ತೆರೆಯುವುದಿಲ್ಲ. ತೆರೆಯದ ಕೋಣೆ ನಮ್ಮ ಲೆಕ್ಕದಲ್ಲಿ ಮನೆಯ ಭಾಗವೇ ಆಗಿರಲಿಲ್ಲ.

ಬಾಗಿಲು ತಟ್ಟಿ ತೆರೆದೆ. ತಟ್ಟದೆ ತೆರೆಯಲು ಕೈ ಬರಲಿಲ್ಲ.

ಗೋಡೆಯ ಕಲ್ಲುಹಲಗೆಯ ಮೇಲೆ ಅವರು ಉಣ್ಣುತ್ತಿದ್ದ ಅಗಲ ಸ್ಟೀಲಿನ ಬಟ್ಟಲು, ಅದರ ಮೇಲೆ ಅವರ ಲೋಟ ಕವುಚಿಟ್ಟಿತ್ತು. ಸತ್ತವರ ಬಟ್ಟಲನ್ನು ವರ್ಷದವರೆಗೆ ನಮ್ಮಲ್ಲಿ ಬೇರೆಯವರು ಬಳಸುವುದಿಲ್ಲ. ಕ್ರಿಯೆ ಮುಗಿದ ದಿನ ತೊಳೆದು, ಒರೆಸಿ, ಧೂಳು ಕೂರದಂತೆ ಲೋಟ ಕವುಚಿ ಇಟ್ಟವಳು ನಾನೇ. ಲೋಟ ಬಟ್ಟಲಿನ ಮೇಲೆ ನಡುಗುತ್ತ ಮೆಲ್ಲಗೆ ತಿರುಗುತ್ತಿತ್ತು. ಒಂದು ಬೆರಳಿಟ್ಟೆ. ನಿಂತಿತು.

ಲೋಟವನ್ನು ಬಟ್ಟೆಯ ಮೇಲೆ ಇಳಿಸಿ ಚಾವಡಿಗೆ ಬಂದು, ಅವರ ರೆಕಾರ್ಡಿಂಗ್ ಹಾಕಿದೆ. ಎಡಗೈ ಸ್ವಚ್ಛವಾಗಿ, ತುಂಬಿಕೊಂಡು ಬಂತು. ಭಾವನ ಮುಖ ಅರಳಿತು. “ಹೋಯಿತಲ್ಲ! ಲೋಟವಾ? ಲೋಟವಾದರೂ ಅವನದ್ದೇ ಅಲ್ಲವಾ?” ಎಂದರು.

ರೆಕಾರ್ಡಿಂಗ್ ಓಡುತ್ತಲೇ ಇತ್ತು. ಹಾಡುವ ಭಾಗವತರು ಪದ ಮುಗಿಸಿ, ಅರ್ಥಧಾರಿ ಮಾತು ಎತ್ತುವ ಮೊದಲು ಒಂದು ಬಿಡುವಿತ್ತು. ಅದರಲ್ಲಿ ಇನ್ನೊಂದು ಸದ್ದು ಕೇಳಿತು. ಇಷ್ಟು ದಿನ ಗಿರಗಿರ ಅದರ ಮೇಲೆ ಹೊದಿಕೆಯಂತೆ ಇತ್ತು. ಮೈಕ್ ಮದ್ದಳೆಯ ಪಕ್ಕದಲ್ಲೇ ಇದ್ದಿರಬೇಕು. ಅದು ಅವರ ಉಸಿರು. ಕೈ ಸುಮ್ಮನಿದ್ದಾಗಲೂ ಗಿಡ್ಡ, ಅವಸರದ ಉಸಿರು. ಕೊನೆಯಲ್ಲಿ ಸಣ್ಣ ಕೆಮ್ಮು, ಕೆಮ್ಮನ್ನು ನುಂಗಿದ್ದು.

ಗೋಡೆಯ ಗಡಿಯಾರ ನೋಡಿ ಎಣಿಸಿದೆ. ಬಿಡುವು ಅರ್ಧ ನಿಮಿಷದ್ದು. ಹದಿನಾರು. ಸುಮ್ಮನೆ ಕುಳಿತವರಿಗೆ ಅಷ್ಟು ಉಸಿರು ಒಂದಿಡೀ ನಿಮಿಷಕ್ಕೆ ಸಾಕು. ಭಾವನನ್ನು ಕಳುಹಿಸಿ ಮತ್ತೆ ಎಣಿಸಿದೆ. ಹದಿನಾರು. ಆ ಭಾನುವಾರದ ಮೇಲೆ ಅವರು ಹದಿನಾಲ್ಕು ತಿಂಗಳು ನನ್ನ ಪಕ್ಕದಲ್ಲಿ ಮಲಗಿದ್ದರು. ಉಸಿರು ಸಿಗದೆ ಎರಡು ದಿಂಬಿನ ಮೇಲೆ ಮಲಗುವ ರೋಗಿಯ ಹೃದಯ ಏನು ಹೇಳುತ್ತಿದೆಯೆಂದು ನಾನು ಎಷ್ಟು ವರ್ಷ ಹೊಸ ನರ್ಸುಗಳಿಗೆ ಕಲಿಸಿದ್ದೆ! ಮನೆಯಲ್ಲಿ ಮಾತ್ರ ದಿನಾ ಆ ದಿಂಬನ್ನು ಕಪಾಟಿನೊಳಗೆ ಇಡುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ದಿನಾಂಕ, ಸಮಯ, ಸಂಖ್ಯೆ ಬರೆದು ಸಹಿ ಹಾಕಿದೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಬಡಿಸುವ ದಿನ ಕೆಸುವಿನೆಲೆಯ ಪತ್ರೊಡೆ, ಕೋಳಿ ಸಾರು, ಅವರ ಎಲೆಯ ಪಕ್ಕ ನೀರು ತುಂಬಿದ ಲೋಟ. ಬಾಗಿಲು ಮುಚ್ಚಿ ಹೊರಗೆ ನಿಂತೆವು. ಪ್ರತಿ ವರ್ಷ ವಾಚ್ ನೋಡಿ ಸರಿಯಾಗಿ ಹತ್ತು ನಿಮಿಷಕ್ಕೆ ತಟ್ಟುವವಳು ನಾನು.

“ಹೊತ್ತಾಯಿತು, ತಟ್ಟು,” ಎಂದರು ಭಾವ.

ನನ್ನ ಕಿವಿ ಬಾಗಿಲಿನ ಹಲಗೆಗೆ ತಾಗಿತ್ತು. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ಎಣಿಸಿ ಎರಡರಿಂದ ಗುಣಿಸುವವರನ್ನು ನಾನು ವಾರ್ಡಿನಲ್ಲಿ ಬೈಯುತ್ತಿದ್ದೆ.

“ಒಂದು ನಿಮಿಷ ಇರಿ ಭಾವ,” ಎಂದೆ.